ಗಿಡದ ಮೇಲಿನ ನಿರ್ಮಾಲ್ಯ

ನಮ್ಮ ಬೀದಿಯಲ್ಲಿ ದೇವರಿಗೆ ಹೂ ಕೊಂಡು ತರುವುದೆಂದರೆ ಸ್ವಲ್ಪ ಅವಮಾನದ ಸಂಗತಿ. ಕೆ.ಆರ್. ಮಾರ್ಕೆಟ್ ಕೂಗಳತೆಯಲ್ಲಿದೆ, ದಿನ ಬೆಳಗಾದರೆ ಅಲ್ಲಿ ರಾಶಿ ರಾಶಿ ಸೇವಂತಿಗೆ ಬಂದು ಬೀಳುತ್ತದೆ. ಆದರೂ ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ಹಿರಿಯರಿಗೆ ಪೂಜೆಯ ಹೂ ಎಂದರೆ ಬೆಳಕು ಹರಿಯುವ ಮುಂಚೆ ಎದ್ದು, ಸ್ನಾನ ಮಾಡಿ, ಕೈಯಲ್ಲೊಂದು ಕೊಕ್ಕೆಕೋಲು ಹಿಡಿದು, ಯಾರದೋ ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆಯಿಂದ ತಾವೇ ಕಿತ್ತು ತಂದದ್ದೇ ಆಗಬೇಕು. ಇದನ್ನು ಕಳ್ಳತನ ಎಂದು ಯಾರೂ ಕರೆಯುವುದಿಲ್ಲ. ಗಿಡ ಬೆಳೆಸಿದವರು ಕಿಟಕಿಯಿಂದ ನೋಡಿ ಹಲ್ಲು ಕಡಿಯುತ್ತಾರೆ, ಆಮೇಲೆ ತಾವೂ ಒಂದು ಕೋಲು ತೆಗೆದುಕೊಂಡು ಪಕ್ಕದ ಬೀದಿಗೆ ಹೊರಡುತ್ತಾರೆ.

ಈ ಪಡೆಗೆ ನಮ್ಮ ಅತ್ತೆಯೇ ನಾಯಕಿ. ವಯಸ್ಸು ಎಂಬತ್ತು ದಾಟಿದೆ, ಮಂಡಿ ಸವೆದಿದೆ. ಆದರೆ ಕೊಕ್ಕೆಕೋಲು ಕೈಗೆ ಬಂತೆಂದರೆ ಎಷ್ಟೇ ಎತ್ತರದ ದಾಸವಾಳವಾದರೂ ಅವರಿಗೆ ಎಟುಕುತ್ತದೆ. ನಾನು ಅವರ ಸೊಸೆ, ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬ ವಿಷಯದಲ್ಲಿ ಸ್ಟಾಫ್ ರೂಮಿಗೂ ನಮ್ಮ ಮನೆಗೂ ಭಿನ್ನಾಭಿಪ್ರಾಯವಿಲ್ಲ. ಅತ್ತೆಗೂ ನನಗೂ ಜಗಳವಾಗದ ವಾರವಿಲ್ಲ, ಹಾಗೆಂದು ಒಬ್ಬರನ್ನು ಬಿಟ್ಟು ಒಬ್ಬರು ಕಾಫಿ ಕುಡಿದ ಬೆಳಗೂ ಇಲ್ಲ.

ನಮ್ಮ ಮನೆ ಇರುವುದು ರಸ್ತೆ ಕೊನೆಯಾಗುವ ತಗ್ಗಿನಲ್ಲಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಮೇಲೇರುತ್ತ ಹೋಯಿತು, ಮನೆ ಪಾಪ ಇದ್ದಲ್ಲೇ ಉಳಿಯಿತು. ದೇವರ ಕೋಣೆಯಂತೂ ನಡುಮನೆಗಿಂತ ಒಂದು ಮೆಟ್ಟಿಲು ಕೆಳಗೇ ಇದೆ. ಜೋರು ಮಳೆ ಬಂದರೆ ಇಡೀ ರಸ್ತೆಯ ನೀರು ನಮ್ಮ ಗೇಟಿನಡಿ ನುಗ್ಗಿ, ಅಂಗಳ ದಾಟಿ, ಬೇರೆಲ್ಲೂ ನಿಲ್ಲದೆ ನೇರವಾಗಿ ದೇವರ ಕೋಣೆಗೇ ಹೋಗುತ್ತಿತ್ತು. ಬಾಗಿಲ ಸಂದಿಗೆ ಗೋಣಿಚೀಲ ತುರುಕುವುದು ನನ್ನ ಯಜಮಾನರ ಕೆಲಸ, ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುವುದು ನನ್ನದು. ಅತ್ತೆ ಮಾತ್ರ ವಿಗ್ರಹಗಳನ್ನು ಒಂದೊಂದಾಗಿ ಎದೆಗವಚಿಕೊಂಡು ತಂದು ಮಂಚದ ಮೇಲಿಟ್ಟು, ತಾವೂ ಕಾಲೆತ್ತಿ ಪಕ್ಕದಲ್ಲಿ ಕೂತು, "ಇವತ್ತೊಂದಿನ ಇಲ್ಲೇ ಅಡ್ಜಸ್ಟ್ ಮಾಡ್ಕೋಪ್ಪಾ" ಎನ್ನುತ್ತಿದ್ದರು. ಕೇಳಿದರೆ ನಗು ಬರುವ ಮಾತು. ಆದರೆ ಹಾಗೆ ಹೇಳುವಾಗ ಅವರ ಕಣ್ಣು ತುಂಬಿರುತ್ತಿತ್ತು, ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮನೆಯ ಪಕ್ಕದಲ್ಲೇ ಮೂರು ಮೂಲೆಯ ಒಂದು ತುಂಡು ಜಾಗವಿದೆ, ರಸ್ತೆಗೆ ಸೇರಿದ್ದು. ಅಲ್ಲಿ ಒಡೆದ ಕಮೋಡು, ಹಳೇ ದಿಂಬು, ಎಳನೀರು ಬುರುಡೆ, ಏನು ಬೇಕಾದರೂ ಸಿಗುತ್ತಿತ್ತು. ವಾರ್ಡಿಗೆ ಹೊಸದಾಗಿ ಬಂದ ಎಂಜಿನಿಯರ್ ಹುಡುಗಿ ಒಂದು ದಿನ ಅದರ ಮುಂದೆ ನಿಂತು, ರಸ್ತೆಯ ಇಳಿಜಾರನ್ನು ಕಣ್ಣಲ್ಲೇ ಅಳೆದು, "ಮೇಡಂ, ಇಲ್ಲಿ ಮಳೆತೋಟ ಮಾಡ್ಬಹುದು" ಎಂದಳು. ಮೊಣಕಾಲುದ್ದ ತಗ್ಗು ತೋಡಿ, ಅಡಿಗೆ ಜಲ್ಲಿ, ಅದರ ಮೇಲೆ ಮರಳು, ಗೊಬ್ಬರ ಬೆರೆತ ಮಣ್ಣು ತುಂಬಿ, ನಮ್ಮ ನೆಲದ ಗಿಡಗಳನ್ನೇ ನೆಡುವುದು. ರಸ್ತೆಯಂಚಿನ ಕಲ್ಲನ್ನು ಒಂದು ಕಡೆ ಕತ್ತರಿಸಿ ಬಾಯಿ ಬಿಡಿಸಿದರೆ ಮಳೆನೀರು ತಾನಾಗಿ ಒಳಗಿಳಿಯುತ್ತದೆ, ನಿಧಾನವಾಗಿ ಇಂಗುತ್ತದೆ. ಬೇರು ಅಳ್ಳಕ ಮಾಡಿದ ಮಣ್ಣು ನೀರು ಕುಡಿಯುತ್ತದೆ, ಹೂವಿಗೆ ಜೇನು, ದುಂಬಿ, ಚಿಟ್ಟೆ ಬರುತ್ತವೆ. "ಇಂಗುಗುಂಡಿಗೆ ಸೀರೆ ಉಡಿಸಿ ಹೂ ಮುಡಿಸಿದ ಹಾಗೆ ಅನ್ಕೊಳಿ" ಎಂದು ಅವಳು ನಕ್ಕಾಗ ನಾನು ಅಲ್ಲೇ ಸೋತುಹೋದೆ.

ಎದುರು ಮನೆಯವರು ಸೋಲಲಿಲ್ಲ. ಅವರದು ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ. ನಸುಕಿಗೇ ಹೋಗಿ ಮಧ್ಯಾಹ್ನ ದಣಿದು ಬಂದರೆ ಅವರ ಗೇಟಿನ ಮುಂದೆ ಬೇರೆ ಯಾರದೋ ಗಾಡಿ ನಿಂತಿರುತ್ತದೆ. ದಸರೆಗೆ ಹೊಸ ಕಾರು ತೆಗೆದುಕೊಳ್ಳುವವರಿದ್ದರು. ಮೂರು ಮೂಲೆಯ ಜಾಗಕ್ಕೆ ಟೈಲ್ಸ್ ಹಾಕಿಸಿ ಎಲ್ಲರೂ ಪಾರ್ಕಿಂಗ್ ಮಾಡಿಕೊಳ್ಳೋಣ ಎಂಬುದು ಅವರ ವಾದ. ಅರ್ಧ ರಸ್ತೆ ಅವರ ಕಡೆಗಿತ್ತು.

"ಟೀಚರ್, ನೀರು ನಿಂತ್ರೆ ಸೊಳ್ಳೆ ಬರತ್ತೆ. ಜೇನೂ ಇಲ್ಲ ಗೀನೂ ಇಲ್ಲ, ಈ ಹೊಗೇಲಿ ಯಾವ ಜೇನು ಬರತ್ತೆ ಹೇಳಿ?"

"ಬರತ್ತೆ. ಬಂದೇ ಬರತ್ತೆ."

"ಸರಿ, ಒಂದು ಮಳೆಗಾಲ ಬಿಡ್ತೀನಿ. ಸೊಳ್ಳೆ ಬರಬಾರ್ದು, ಜೇನು ಬರಬೇಕು. ಆಯುಧಪೂಜೆ ಹೊತ್ತಿಗೆ ನನಗೆ ತೋರ್ಸಿ. ಇಲ್ಲಾಂದ್ರೆ ಹಬ್ಬ ಮುಗಿದ ಮಾರನೇ ದಿನ ಟೈಲ್ಸ್."

ಇಡೀ ರಸ್ತೆಯ ಮುಂದೆ ನಾನು ಒಪ್ಪಿಕೊಂಡೆ. ಟೈಲ್ಸ್ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಯಾವ ಗಿಡ ನೆಡಬೇಕು ಎಂದು ತೀರ್ಮಾನಿಸಲು ನಮ್ಮ ಜಗಲಿಯಲ್ಲಿ ಸಭೆ ಸೇರಿತು. ಅಂಥ ಒಗ್ಗಟ್ಟನ್ನು ನಮ್ಮ ರಸ್ತೆ ಅಲ್ಲಿಯವರೆಗೆ ಕಂಡಿರಲಿಲ್ಲ. ಶಿವನಿಗೆ ತುಂಬೆ ಇರಲಿ ಎಂದರು ಒಬ್ಬರು, ಗಣಪತಿಗೆ ಬಿಳಿ ಎಕ್ಕ ಎಂದರು ಇನ್ನೊಬ್ಬರು. ದೇವಿಗೆ ಕೆಂಪು ದಾಸವಾಳ, ಶುಕ್ರವಾರಕ್ಕೆ ಸ್ಫಟಿಕದ ಹೂ, ಶನಿವಾರಕ್ಕೆ ನೀಲಿ ಶಂಖಪುಷ್ಪ. ಕಾಮಕಸ್ತೂರಿ ಇಲ್ಲದಿದ್ದರೆ ಮಾಲೆಗೆ ಘಮ ಎಲ್ಲಿಂದ ಬರಬೇಕು ಎಂದರು ಅತ್ತೆ. ಎಲ್ಲವೂ ಈ ನೆಲದ ಬಿಸಿಲು ಮಳೆಗೆ ಒಗ್ಗಿದ ಗಿಡಗಳು, ದುಂಬಿಗಳಿಗೆ ಪ್ರಿಯವಾದವು. ಎಂಜಿನಿಯರ್ ಹುಡುಗಿ ಸಂಭ್ರಮಪಟ್ಟಳು, ನಾನೂ ಪಟ್ಟೆ. ನೀರು ಹೆಚ್ಚು ನಿಲ್ಲುವ ನಡುವಿಗೆ ಲಾವಂಚ, ಅಂಚಿಗೆ ಇವೆಲ್ಲ. ಒಂದು ಭಾನುವಾರ ಅರ್ಧ ರಸ್ತೆ ಪಂಚೆ ಎತ್ತಿ ಕಟ್ಟಿ, ಸೆರಗು ಸಿಕ್ಕಿಸಿ ಮಣ್ಣಿಗಿಳಿಯಿತು. ನಾವು ಜೇನಿಗೆಂದು ನೆಡುತ್ತಿರುವುದು ಹದಿನಾರಾಣೆ ಪೂಜೆಯ ತೋಟವನ್ನು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಕುರಿ ಕಾಯಲು ತೋಳಗಳೆಲ್ಲ ಸೇರಿ ದೊಡ್ಡಿ ಕಟ್ಟಿದ ಹಾಗೆ ಆಗಿತ್ತು ನಮ್ಮ ಕಥೆ.

ಮೊದಲ ದೊಡ್ಡ ಮಳೆ ಬಂದದ್ದು ಒಂದು ಸಂಜೆ. ಯಜಮಾನರು ಅಭ್ಯಾಸಬಲದಿಂದ ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತರು, ಅತ್ತೆ ವಿಗ್ರಹಗಳ ಮುಂದೆ ನಿಂತರು. ನಾನು ಛತ್ರಿ ಬಿಚ್ಚಿಕೊಂಡು ಹೊರಗೋಡಿದೆ. ಕೆಂಪು ನೀರು ರಸ್ತೆಯುದ್ದಕ್ಕೂ ಹರಿದು ಬಂತು, ನಮ್ಮ ಗೇಟಿನ ಕಡೆ ಮುಖ ಮಾಡಿತು, ಕಲ್ಲು ಕತ್ತರಿಸಿದ ಬಾಯಿ ಸಿಕ್ಕಿದ್ದೇ ಒಳಕ್ಕೆ ತಿರುಗಿಬಿಟ್ಟಿತು! ನಾನು ರಸ್ತೆಯಲ್ಲಿ ನಿಂತು, "ಅತ್ತೇ, ತಿರುಗ್ತು, ತಿರುಗ್ತು!" ಎಂದು ಕಿರುಚಿದೆ. ಅತ್ತೆ ನನ್ನ ಛತ್ರಿಯೊಳಗೆ ಬಂದು ಸೇರಿಕೊಂಡು ತಗ್ಗು ತುಂಬುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಇಬ್ಬರೂ ಪೂರ್ತಿ ನೆನೆದೆವು. ಬೆಳಿಗ್ಗೆ ನೋಡಿದರೆ ನೀರೆಲ್ಲ ಇಂಗಿ ಒದ್ದೆ ಮಣ್ಣಷ್ಟೇ ಉಳಿದಿತ್ತು. ದೇವರ ಕೋಣೆ ಒಣಗಿಯೇ ಇತ್ತು. ಆ ದಿನ ಅತ್ತೆ ಪೂಜೆಗೆ ಹಾಡಿದ ದನಿ ಎದುರು ಮನೆಗೂ ಕೇಳಿಸಿರಬೇಕು.

ಸೊಳ್ಳೆಯೂ ಬರಲಿಲ್ಲ. ನಿಂತ ನೀರೇ ಇಲ್ಲದ ಮೇಲೆ ಅದು ಮೊಟ್ಟೆಯಿಡುವುದಾದರೂ ಎಲ್ಲಿ? ಆದರೆ ಜೇನೂ ಬರಲಿಲ್ಲ. ಗಿಡಗಳು ಸೊಂಪಾಗಿ ಬೆಳೆದವು, ಮೊಗ್ಗು ಕಟ್ಟಿದವು, ನಾನು ಶಾಲೆಗೆ ಹೊರಡುವ ಹೊತ್ತಿಗೆ ಮಾತ್ರ ಒಂದು ಹೂವೂ ಕಾಣುತ್ತಿರಲಿಲ್ಲ. ಎದುರು ಮನೆಯವರು ಗೇಟಿನಲ್ಲಿ ನಿಂತು ಕಾಲೆಳೆಯುತ್ತಿದ್ದರು: "ಏನ್ ಟೀಚರ್, ನಿಮ್ಮ ಜೇನು ರಜೆ ಹಾಕಿದ್ಯಾ?"

ಅತ್ತೆ ನಾಲ್ಕು ಹೂ ತರುತ್ತಾರೆಂದು ಗೊತ್ತಿತ್ತು. ಬಾಕಿಯದು ಏನಾಗುತ್ತಿದೆ ಎಂದು ತಿಳಿಯಲು ಶ್ರಾವಣದ ಒಂದು ಬೆಳಗ್ಗೆ ಬೇಗ ಎದ್ದು ಜಗಲಿಯ ಕಂಬದ ಹಿಂದೆ ನಿಂತೆ. ಮೊದಲು ಅತ್ತೆ ಬಂದರು. ಅವರ ಹಿಂದೆ ಮೂಲೆಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು. ಅವರ ಹಿಂದೆ ಇನ್ನೂ ಒಂದು ಸಾಲು. ಎಲ್ಲರೂ ಸಭ್ಯರೇ. ಹಿಂದೆ ಬರುವವರಿಗಿರಲಿ ಎಂದು ಪ್ರತಿಯೊಬ್ಬರೂ ನಾಲ್ಕು ಹೂ ಬಿಟ್ಟೇ ಹೋಗುತ್ತಿದ್ದರು, ಕೊನೆಯವರು ಆ ನಾಲ್ಕನ್ನೂ ಕಿತ್ತುಕೊಂಡರು. ಸಂಜೆ ಇನ್ನೊಂದು ತಂಡ ಬಂದು ನಾಳೆಯ ಮೊಗ್ಗುಗಳನ್ನೇ ಬಿಡಿಸಿಕೊಂಡು ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತದೆ ಎಂಬುದು ಆಮೇಲೆ ತಿಳಿಯಿತು. ನನಗೆ ಮೈಯೆಲ್ಲ ಉರಿಯಿತು. ಅವೆನ್ಯೂ ರಸ್ತೆಗೆ ಹೋಗಿ 'ದಯವಿಟ್ಟು ಹೂ ಕೀಳಬೇಡಿ' ಎಂದು ಬೋರ್ಡು ಬರೆಸಿಕೊಂಡು ಬಂದು, ಒಂದು ಗೂಟಕ್ಕೆ ಹೊಡೆದು ತೋಟದಲ್ಲಿ ನೆಟ್ಟೆ. ಮಾರನೇ ದಿನದಿಂದ ಎಲ್ಲರೂ ಹೂವಿನ ಕವರನ್ನು ಆ ಬೋರ್ಡಿಗೆ ನೇತುಹಾಕಿ, ಎರಡೂ ಕೈ ಖಾಲಿ ಮಾಡಿಕೊಂಡು, ಇನ್ನೂ ಅನುಕೂಲವಾಗಿ ಕೀಳತೊಡಗಿದರು.

ಗಣೇಶನ ಹಬ್ಬದಲ್ಲಿ ಎಲೆಯೂ ಉಳಿಯಲಿಲ್ಲ. ಎಕ್ಕದ ಗಿಡ ಬೋಳಾಗಿ ನಿಂತಿತು. ಅದರ ಮುಂದಿನ ಶನಿವಾರಕ್ಕೇ ನಾನು ಏಳನೇ ತರಗತಿಯ ಮಕ್ಕಳನ್ನು ಪರಾಗಸ್ಪರ್ಶದ ಪಾಠಕ್ಕೆ ಕರೆತರುತ್ತೇನೆಂದು ಮಾತು ಕೊಟ್ಟಿದ್ದೆ. ಮಕ್ಕಳು ಸಾಲಾಗಿ ಬಂದು ಕಲ್ಲಿನ ಅಂಚಿನ ಮೇಲೆ ಕೂತರು, ಸದ್ದು ಮಾಡಬೇಡಿ ಎಂದದ್ದಕ್ಕೆ ಉಸಿರು ಬಿಗಿಹಿಡಿದು ಕಾದರು. ಒಂದು ಏರೋಪ್ಲೇನ್ ಚಿಟ್ಟೆ ಬಂದು, ಸುತ್ತು ಹಾಕಿ, ಹೊರಟುಹೋಯಿತು. ಕೊನೆಗೆ ಒಬ್ಬ ಹುಡುಗಿ ಮೆಲ್ಲಗೆ, "ಮಿಸ್, ಹೂವು ಎಲ್ಲಿ?" ಎಂದು ಕೇಳಿದಳು. ಅವತ್ತು ಮಂಡಿಗೆ ಹೋಗದಿದ್ದ ಎದುರು ಮನೆಯವರು ತಮ್ಮ ಬಾಗಿಲಲ್ಲಿ ನಗುತ್ತಿದ್ದರು. ಅತ್ತೆ ನಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು.

ಮಕ್ಕಳನ್ನು ಕಳಿಸಿ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ.

"ಎಲ್ಲಾ ನೀವೇ ಕಿತ್ಕೊಂಡ್ರೆ ಜೇನು ಬಂದು ಏನ್ ಮಾಡ್ಬೇಕು? ಆ ಬೋರ್ಡ್ ಓದ್ಕೊಂಡ್ ಹೋಗ್ಬೇಕಾ?"

"ನಿಧಾನ ಕಣೇ. ಸಂಜೆಗೆ ಹೇಗಿದ್ರೂ ಬಾಡೋ ಹೂವು. ದೇವರ ಮುಡಿಗೇರಿದ್ರೆ ಗಿಡಕ್ಕೂ ಒಳ್ಳೇದು."

"ದೇವರ ಮುಡೀಗೆ ಏರ್ಸಿ, ಚೆನ್ನಾಗಿ ಏರ್ಸಿ! ಹಬ್ಬ ಆದ್ಮೇಲೆ ಟೈಲ್ಸ್ ಬೀಳತ್ತೆ. ಆಮೇಲೆ ಅದೇ ದೇವರನ್ನ ಮಂಚ ಹತ್ಸಿ, ಪಕ್ಕದಲ್ಲಿ ಕೂತ್ಕೊಂಡು ಅಳಿ."

ಅತ್ತೆಯ ಕೈಯಲ್ಲಿದ್ದ ನಾರು ನಿಂತುಹೋಯಿತು. ಮಾತು ಹೆಚ್ಚಾಯಿತೆಂದು ನನಗೇ ಗೊತ್ತಾಯಿತು. ಯಜಮಾನರು ಎಲ್ಲ ಜಗಳದಲ್ಲೂ ಮಾಡುವಂತೆ ಹಾಲು ತರಲು ಹೊರಟರು, ಮನೆಯಲ್ಲಿ ಹಾಲಿತ್ತು. ಸಂಜೆ ಅತ್ತೆ ದೀಪ ಹಚ್ಚಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಜೇನು ಎಷ್ಟು ಹೊತ್ತಿಗೆ ಬರೋದು?"

"ಬಿಸಿಲು ಏರಿದ್ಮೇಲೆ."

"ಹೌದಾ. ಅಷ್ಟೊತ್ತಿಗೆ ನಮ್ಮ ಪೂಜೆನೇ ಮುಗಿದಿರತ್ತೆ" ಎಂದರು. ಊಟ ಬೇಡವೆಂದು ಹೋಗಿ ಮಲಗಿದರು.

ಮಾರನೇ ಬೆಳಗ್ಗೆ ಗೇಟಿನ ಸದ್ದಿಗೆ ಎಚ್ಚರವಾಗಿ ನಾನೂ ಹೊರಗೆ ಬಂದೆ. ಅತ್ತೆ ಮಡಿಯುಟ್ಟು ತೋಟದ ಅಂಚಿನಲ್ಲಿ ನಿಂತಿದ್ದರು. ಕೈಯಲ್ಲಿ ಕೊಕ್ಕೆಕೋಲು ಇರಲಿಲ್ಲ. ಒಂದು ಕೈಯಲ್ಲಿ ಪಂಚಪಾತ್ರೆ, ಇನ್ನೊಂದರಲ್ಲಿ ತುಳಸಿ. ಹಬ್ಬದ ದಾಳಿಯಲ್ಲಿ ಉಳಿದ ಮೊಗ್ಗುಗಳು ಅಲ್ಲಲ್ಲಿ ಅರಳಿದ್ದವು. ಅತ್ತೆ ಅಂಗೈಯಲ್ಲಿ ತುಳಸಿದಳವಿಟ್ಟು, ಅದರ ಮೇಲೆ ನೀರು ಹಾಕಿ, ಇಡೀ ತೋಟಕ್ಕೆ ಸೇರುವಂತೆ ಮಣ್ಣಿಗೆ ಬಿಟ್ಟು, "ಕೃಷ್ಣಾರ್ಪಣಮಸ್ತು" ಎಂದರು. ಆ ಹೊತ್ತಿಗೆ ಮೇಷ್ಟ್ರು ಕವರು ಹಿಡಿದು ಬಂದರು, ಹಿಂದೆಯೇ ಉಳಿದವರೂ ಬಂದರು.

"ಕೀಳಬೇಡಿ ಮೇಷ್ಟ್ರೇ. ಅಷ್ಟೂ ಅರ್ಪಣೆ ಆಗಿದೆ."

"ಯಾವುದು?"

"ಅರಳಿದ್ದು, ಅರಳೋದು, ಮೊಗ್ಗು, ಎಲ್ಲಾನೂ. ಗಿಡದ ಮೇಲಿರೋದೆಲ್ಲ ಈಗ ನಿರ್ಮಾಲ್ಯ."

ಒಮ್ಮೆ ದೇವರಿಗೆ ಅರ್ಪಿಸಿ ತೆಗೆದ ಹೂವೇ ನಿರ್ಮಾಲ್ಯ. ಕಣ್ಣಿಗೊತ್ತಿಕೊಳ್ಳಬಹುದು, ಮುಡಿಯಬಹುದು, ಮರದ ಬುಡಕ್ಕೆ ಹಾಕಬಹುದು. ಮತ್ತೆ ಇನ್ನೊಬ್ಬ ದೇವರಿಗೆ ಏರಿಸುವಂತಿಲ್ಲ. ನಮ್ಮ ರಸ್ತೆಯಲ್ಲಿ ಇದು ತಿಳಿಯದ ಮಗುವಿಲ್ಲ. ಮೇಷ್ಟ್ರು ಅಷ್ಟು ಸುಲಭಕ್ಕೆ ಬಿಡುವವರಲ್ಲ.

"ಕೀಳದೆ ಅದು ಹೇಗೆ ನಿರ್ಮಾಲ್ಯ ಆಗತ್ತಮ್ಮಾ? ಶಾಸ್ತ್ರದಲ್ಲಿ ಎಲ್ಲಿದೆ?"

"ಆಗಲ್ಲ ಅಂತ ಎಲ್ಲಿದೆ ಹೇಳಿ. ನಿಮಗೆ ಅನುಮಾನ ಇಲ್ದಿದ್ರೆ ಕಿತ್ಕೊಳಿ. ನಾನು ತಡೆಯಲ್ಲಪ್ಪ."

ಮೇಷ್ಟ್ರು ಚಾಚಿದ ಕೈಯನ್ನು ಸ್ಫಟಿಕದ ಗಿಡದ ಹತ್ತಿರ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಪೂಜೆಗೆ ಕೂತವರಿಗೆ ಅನುಮಾನಕ್ಕಿಂತ ದೊಡ್ಡ ಮೈಲಿಗೆ ಇಲ್ಲ. ಅವರು ಕೈ ಹಿಂತೆಗೆದುಕೊಂಡರು. ಅವರೇ ಹಿಂತೆಗೆದ ಮೇಲೆ ಉಳಿದವರಿಗೆ ಎಲ್ಲಿಯ ಧೈರ್ಯ? ಬೋರ್ಡಿಗೆ ನೇತುಹಾಕಿದ ಕವರುಗಳನ್ನು ಖಾಲಿಯಾಗೇ ತೆಗೆದುಕೊಂಡು ಒಬ್ಬೊಬ್ಬರಾಗಿ ಹೊರಟರು. ನಾನು ಕಂಬದ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆದುಕೊಂಡೆ.

ಒಳಗೆ ಬಂದು ದೇವರ ಕೋಣೆ ಇಣುಕಿದಾಗ ನಗು ನಿಂತಿತು. ಮಂಟಪದಲ್ಲಿ ಒಂದು ತುಳಸಿದಳ, ನಾಲ್ಕು ಅಕ್ಷತೆ ಕಾಳು, ಅಷ್ಟೇ. ನಾನು ಈ ಮನೆಗೆ ಬಂದ ಮೇಲೆ ಆ ಮಂಟಪ ಹೂವಿಲ್ಲದೆ ಇದ್ದದ್ದನ್ನು ನೋಡಿರಲಿಲ್ಲ. ಸಂಜೆ ಸೀದಾ ಮಾರ್ಕೆಟ್ಟಿಗೆ ಹೋಗಿ, ನೂಕುನುಗ್ಗಲಿನಲ್ಲಿ ನುಗ್ಗಿ, ಸೇವಂತಿಗೆ, ಕಾಕಡ, ಮರುಗ ಎಲ್ಲ ತಂದು ಅತ್ತೆಯ ಮುಂದೆ ಸುರಿದೆ. ಕ್ಷಮಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅತ್ತೆ ಹೂ ಮೂಸಿ ನೋಡುವಂತಿಲ್ಲವಾದ್ದರಿಂದ ದೂರದಿಂದಲೇ ನೋಡಿ, "ಕೊಂಡಿದ್ದಾ?" ಎಂದು ಮೂಗು ಮುರಿದರು. ಆಮೇಲೆ, "ಕಾಫಿ ಮಾಡು, ಇಬ್ಬರಿಗೂ" ಎಂದರು.

ಅಂದಿನಿಂದ ಎರಡು ಹೊತ್ತು ಅರ್ಪಣೆ. ಸಂಜೆಯ ಮೊಗ್ಗಿನ ತಂಡವೂ ಬರುವುದನ್ನು ಬಿಟ್ಟಿತು. ತೋಟ ಮೊದಲ ಬಾರಿಗೆ ಬಿಸಿಲಿನಲ್ಲಿ ಹೂ ಹೊತ್ತು ನಿಂತಿತು. ಮೊದಲು ಬಂದದ್ದು ಒಂದೇ ಒಂದು ಜೇನು. ಅದು ತುಂಬೆಯ ಬಿಳಿ ಹೂವಿನೊಳಗೆ ತಲೆ ತೂರಿಸಿ ಹಿಂಭಾಗ ಅಲ್ಲಾಡಿಸುತ್ತಿದ್ದುದನ್ನು ಅತ್ತೆಯೇ ಮೊದಲು ನೋಡಿ ನನ್ನನ್ನು ಕೂಗಿದರು. ಮರುದಿನ ಅದು ತನ್ನ ಬಳಗಕ್ಕೆಲ್ಲ ಹೇಳಿತ್ತು. ಕರೀ ದುಂಬಿ ಬಂತು, ಚಿಟ್ಟೆಗಳು ಬಂದವು, ಬೋಳು ಎಕ್ಕ ಚಿಗುರಿದ್ದೇ ಅದರ ಎಲೆಗೆ ಪಟ್ಟೆ ಪಟ್ಟೆಯ ಹುಳುಗಳು ಬಂದವು. ಮೇಷ್ಟ್ರು ಔಷಧಿ ಹೊಡೆಯಿರಿ ಎಂದಾಗ ಅತ್ತೆ, "ನೈವೇದ್ಯ ತಿಂತಿವೆ, ತಿನ್ನಲಿ ಬಿಡಿ. ಚಿಟ್ಟೆ ಆಗೋ ಮಕ್ಕಳಂತೆ" ಎಂದರು. ಎಲೆಗೆ ನೈವೇದ್ಯ ಎಂದದ್ದನ್ನು ತಿದ್ದಲು ನಾನು ಹೋಗಲಿಲ್ಲ.

ಮಕ್ಕಳನ್ನು ಮತ್ತೆ ಕರೆತಂದೆ. ಈ ಸಲ ಅವರಿಗೆ ಸುಮ್ಮನಿರಿ ಎನ್ನಬೇಕಾಗಲಿಲ್ಲ. ಹೂವು ಎಲ್ಲಿ ಎಂದು ಕೇಳಿದ್ದ ಹುಡುಗಿ ಕಾಮಕಸ್ತೂರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಮಿಸ್, ಇದಕ್ಕೆ ನೀಲಿ ಪಟ್ಟೆ ಇದೆ! ನೀಲಿ!" ಎಂದು ಕಿರುಚಿದಳು. ನಿಜ, ಜೇನಿನಷ್ಟೇ ದೊಡ್ಡ ಒಂದು ದುಂಬಿ, ಹೊಟ್ಟೆಯ ಸುತ್ತ ಹೊಳೆಯುವ ನೀಲಿ ಗೆರೆಗಳು. ಇಷ್ಟು ವರ್ಷ ಪರಾಗಸ್ಪರ್ಶ ಪಾಠ ಮಾಡಿದ ನಾನೂ ಅದನ್ನು ನೋಡಿದ್ದು ಅದೇ ಮೊದಲು. ಮಕ್ಕಳ ನಡುವೆ ನಾನೂ ನೆಲಕ್ಕೆ ಕೂತುಬಿಟ್ಟೆ, ಸೀರೆ ಕೆಸರಾಯಿತು.

ಎದುರು ಮನೆಯವರು ಮಾತ್ರ ಇದ್ಯಾವುದನ್ನೂ ನೋಡಲಿಲ್ಲ. ಜೇನು ಬರುವ ಹೊತ್ತಿಗೆ ಅವರು ಮಂಡಿಯಲ್ಲಿರುತ್ತಿದ್ದರು, ಮನೆಗೆ ಬಂದರೆ ನಿದ್ದೆ. "ಬಂದಿವೆ, ಬಂದು ನೋಡಿ" ಎಂದರೆ, "ಆಯುಧಪೂಜೆ ದಿನ ನೋಡೋಣ ಟೀಚರ್" ಎನ್ನುತ್ತಿದ್ದರು. ಟೈಲ್ಸಿನ ಸ್ಯಾಂಪಲ್ ತಂದು ಗೇಟಿನ ಪಕ್ಕ ಒರಗಿಸಿಯೂ ಆಗಿತ್ತು. ಹಬ್ಬದ ಹಿಂದಿನ ಸಂಜೆ ಮಳೆ ಸುರಿದು ತೋಟ ತುಂಬಿತು. ಬೆಳಿಗ್ಗೆಯೂ ಮೋಡ ಕವಿದಿತ್ತು. ಇಂಥ ದಿನ ಜೇನು ಗೂಡು ಬಿಟ್ಟು ಏಳುವುದು ತಡ ಎಂದು ನನಗೆ ಗೊತ್ತಿತ್ತು. ಒಗ್ಗರಣೆಗೆ ಸಾಸಿವೆ ಬದಲು ರಾಗಿ ಹಾಕಿದೆ.

ಎದುರು ಮನೆಯವರು ಹೊಸ ಕಾರನ್ನು ತೊಳೆದು, ಜಾಗವಿಲ್ಲದ್ದರಿಂದ ತೋಟದ ಮಗ್ಗುಲಲ್ಲೇ ನಿಲ್ಲಿಸಿದರು. ಮಂಡಿಯ ಪಕ್ಕದ ಹೂವಿನ ಸಾಲಿನಿಂದ ತಂದ ತೋಳುಗಾತ್ರದ ಸೇವಂತಿಗೆ ಹಾರ ಏರಿಸಿದರು. ಕುಂಕುಮ ಇಟ್ಟರು, ಕುಂಬಳಕಾಯಿ ಒಡೆದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ರಸ್ತೆಯೆಲ್ಲ ಸೇರಿತ್ತು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು. ಮೊದಲೊಂದು ಜೇನು ತೋಟದಿಂದ ಎದ್ದು ಬಂದು ಕಾರಿನ ಹಾರದ ಮೇಲೆ ಕೂತಿತು. ಆಮೇಲೆ ಇನ್ನೊಂದು. ನೋಡನೋಡುತ್ತ ಇಡೀ ಹಾರ ಗುಂಯ್‌ಗುಡತೊಡಗಿತು. ಡ್ರೈವರ್ ಬಾಗಿಲ ಹಿಡಿಕೆಯ ಮೇಲೂ ಎರಡು ಕೂತಿದ್ದವು. ಎದುರು ಮನೆಯವರು ಬೀಗದ ಕೈ ಹಿಡಿದು ಮುಂದೆ ಹೋದರು, ಹಿಂದೆ ಬಂದರು, ಮತ್ತೆ ಮುಂದೆ ಹೋದರು.

"ನೀವೇ ತೋರ್ಸಿ ಅಂದಿದ್ರಲ್ಲ. ನೋಡಿ, ನಿಮ್ಮನ್ನೇ ಹುಡುಕ್ಕೊಂಡು ಬಂದಿವೆ" ಎಂದೆ ನಾನು. ಇಷ್ಟು ದಿನ ಕೂಡಿಟ್ಟಿದ್ದ ನಗು ಒಮ್ಮೆಗೇ ಬಂತು. ರಸ್ತೆಯೂ ನಕ್ಕಿತು. ಅವರು ಮುಖ ಗಂಟು ಹಾಕಲು ನೋಡಿದರು, ಆಗಲಿಲ್ಲ, ಅವರೂ ನಕ್ಕರು. "ಗೆದ್ಬಿಟ್ರಿ ಟೀಚರ್. ಆದ್ರೆ ನಾನೀಗ ಒಳಗೆ ಹೋಗೋದು ಹೆಂಗೆ?"

"ತಡಿಯಪ್ಪ" ಎಂದು ಅತ್ತೆ ಪಂಚಪಾತ್ರೆ ಹಿಡಿದು ಮುಂದೆ ಬಂದರು. ಅವರು ಹಾರದ ಕಡೆ ಒಂದು ಉದ್ಧರಣೆ ನೀರು ಚಿಮುಕಿಸಲು ಕೈಯೆತ್ತಿದ್ದೇ ಎದುರು ಮನೆಯವರಿಗೆ ವಿಷಯ ಹೊಳೆಯಿತು. ಆ ಹೊತ್ತಿಗೆ ಅತ್ತೆಯ ನಿರ್ಮಾಲ್ಯದ ಕಥೆ ಮಾರ್ಕೆಟ್ಟಿನವರೆಗೂ ಮುಟ್ಟಿತ್ತು.

"ಅಮ್ಮಾ, ಅಮ್ಮಾ, ಕಾರನ್ನ ಮಾತ್ರ ಬಿಟ್ಬಿಡಿ! ಹಾರ ತಗೊಳಿ, ಹಾರ ಪೂರ್ತಿ ಅವಕ್ಕೇ!"

ಅವರೇ ಮೆಲ್ಲಗೆ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಹಾರ ಎತ್ತಿಕೊಂಡರು. ಒಂದು ಜೇನೂ ಕಚ್ಚಲಿಲ್ಲ. ಎಲ್ಲಿಡಬೇಕೆಂದು ಸುತ್ತ ನೋಡಿ, ತೋಟಕ್ಕಿಳಿದು, ನನ್ನ ಬೋರ್ಡಿಗೆ ಹಾಕಿದರು. 'ದಯವಿಟ್ಟು' ಎಂಬುದು ಮುಚ್ಚಿಹೋಗಿ 'ಹೂ ಕೀಳಬೇಡಿ' ಎಂಬುದಷ್ಟೇ ಕಾಣುತ್ತಿತ್ತು. ಕಾಲ ಕೆಳಗಿನ ಮಣ್ಣು ಒತ್ತಿ ನೋಡಿ, "ಅಷ್ಟು ಮಳೆ ಸುರೀತಲ್ಲ ನಿನ್ನೆ, ನೀರೆಲ್ಲಿ?" ಎಂದು ಕೇಳಿದರು.

"ಇಂಗಿದೆ" ಎಂದರು ಅತ್ತೆ.

ಸ್ಯಾಂಪಲ್ ಟೈಲ್ಸನ್ನು ಅವರು ಆ ಮಧ್ಯಾಹ್ನವೇ ತಂದು ನಮ್ಮ ಗೇಟಿನೊಳಗಿಟ್ಟು ಹೋದರು. ಮಕ್ಕಳು ಬಂದಾಗ ಕೆಸರಲ್ಲಿ ಕೂರುವ ಬದಲು ಟೀಚರ್ ಇದರ ಮೇಲೆ ಕೂತುಕೊಳ್ಳಲಿ ಎಂದರಂತೆ. ಆ ರಾತ್ರಿ ಮತ್ತೆ ಮಳೆ ಬಂತು. ಅತ್ತೆ ಎದ್ದು ದೇವರ ಕೋಣೆಗೆ ಹೋದದ್ದು ಕೇಳಿಸಿತು. ಅಂಗೈಯಿಂದ ನೆಲ ಸವರಿ ನೋಡಿ ಬಂದು, ಮಂಚದ ಮೇಲೆ ಕಾಲು ಚಾಚಿ, ಇಡೀ ಮಂಚ ತಮ್ಮದೇ ಎಂಬಂತೆ ಮಲಗಿ ನಿದ್ದೆ ಹೋದರು.